ಊರಿನ ರೈತ ನಾಯಕರ ಜೀವನಚರಿತ್ರೆ ಬರೆಯುವ ಬಗೆ

ಸಿಂಧನೂರು, ಕಾರಟಗಿ, ಗಂಗಾವತಿ ಕಡೆಯ ಹಳ್ಳಿಗಳಲ್ಲಿ ಒಕ್ಕಲುತನ ಮಾಡುತ್ತಲೇ ರಾಜಕೀಯಕ್ಕೆ ಬಂದ ಹಿರಿಯರ ಬದುಕನ್ನು ಬರೆಯಲು ಹೊರಟವರು ಬಹುಮಟ್ಟಿಗೆ ಗೆದ್ದ ಚುನಾವಣೆಯಿಂದಲೇ ಆರಂಭಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಹೊಲದಿಂದ ಆರಂಭಿಸುವುದು ಮೇಲು.

ಐರ್ಲೆಂಡಿನ ಮೈಕೆಲ್ ಡೊನೆಲನ್ ಅವರನ್ನೇ ನೋಡಿ. ಗಾಲ್ವೆ ಪ್ರಾಂತದ ಡನ್ಮೋರ್‌ನ ಈ ರೈತ 1939ರಲ್ಲಿ ರೈತರದೇ ಪಕ್ಷವೊಂದನ್ನು ಕಟ್ಟಿ, 1943ರಲ್ಲಿ ಸಂಸತ್ತಿಗೆ ಆಯ್ಕೆಯಾದರು. ಆದರೆ ಊರಿನವರಿಗೆ ಅವರು ಅದಕ್ಕೂ ಮೊದಲೇ, 1925ರಲ್ಲಿ ಗಾಲ್ವೆ ತಂಡದೊಂದಿಗೆ ಅಖಿಲ ಐರ್ಲೆಂಡ್ ಫುಟ್‌ಬಾಲ್ ಪದಕ ಗೆದ್ದ ಆಟಗಾರರಾಗಿ ಪರಿಚಿತರು. 1964ರ ಫೈನಲ್‌ನಲ್ಲಿ ಮಗ ಜಾನ್ ಗಾಲ್ವೆಯ ನಾಯಕನಾಗಿ ಆಡುತ್ತಿದ್ದಾಗ ಡಬ್ಲಿನ್‌ನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲೇ ತಂದೆ ತೀರಿಕೊಂಡರು. ಅದೇ ವರ್ಷದ ಉಪಚುನಾವಣೆಯಲ್ಲಿ ಮಗ ಆ ಸ್ಥಾನಕ್ಕೆ ಬಂದರು. ಮೈಕೆಲ್ ವಹಿಸಿಕೊಂಡ ಹುದ್ದೆಗಳ ಪಟ್ಟಿಯಲ್ಲಿ ಈ ಬದುಕು ಕಾಣುವುದಿಲ್ಲ.

ಆದ್ದರಿಂದ ಮೊದಲು ಜಮೀನು ಎಲ್ಲಿತ್ತು, ಸ್ವಂತದ್ದೋ ಕೌಲಿನದೋ, ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿತ್ತೋ ನೀರು ತಲುಪದ ಕೊನೆಭಾಗದಲ್ಲಿತ್ತೋ ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ಕೊನೆಭಾಗದ ರೈತ ಮಾತಾಡಲು ಕಲಿಯುವುದೇ ನೀರಿಗಾಗಿ. ರಾಯಚೂರು, ಕೊಪ್ಪಳ ಸೀಮೆಯ ನಿಜಾಮರ ಕಾಲದ ಕಾಗದಗಳು ಉರ್ದುವಿನಲ್ಲಿರಬಹುದಾದ್ದರಿಂದ, ಆ ಲಿಪಿ ಬಲ್ಲ ಹಿರಿಯರನ್ನು ಮೊದಲೇ ಹುಡುಕಿಕೊಳ್ಳುವುದು ಒಳ್ಳೆಯದು.

ಎಡವುವುದು ಇಸವಿಗಳಲ್ಲಿ. ಅಜ್ಜಂದಿರು ‘ರಜಾಕಾರರ ಗದ್ದಲದ ವರ್ಷ’ ಎಂದರೆ ಅದನ್ನು 1948ರ ಆಸುಪಾಸಿನಲ್ಲಿಟ್ಟು, ಬೇರೊಬ್ಬರ ಮಾತಿನೊಂದಿಗೆ ತಾಳೆ ನೋಡಬೇಕು. 1952ರ ವಿಧಾನಸಭಾ ಚುನಾವಣೆಯ ದಾಖಲೆಯನ್ನು ರಾಯಚೂರಿನವರು ಹೈದರಾಬಾದ್ ರಾಜ್ಯದ ಕಡತಗಳಲ್ಲಿಯೂ ಬಳ್ಳಾರಿಯವರು ಮದ್ರಾಸ್ ರಾಜ್ಯದ ಕಡತಗಳಲ್ಲಿಯೂ ಹುಡುಕಬೇಕು. ಮೈಸೂರಿನ ಕಡತದಲ್ಲಿ ಹುಡುಕಿ ಕೈಚೆಲ್ಲಿದವರನ್ನು ಕಂಡಿದ್ದೇನೆ. ಕೊಪ್ಪಳವಂತೂ 1997ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು.

ಸೋತ ಚುನಾವಣೆಗಳನ್ನು ಬಿಡಬೇಡಿ. ಮನೆಯವರು ಅವುಗಳನ್ನು ತಾವಾಗಿ ಹೇಳುವುದಿಲ್ಲ. ಎದುರಾಳಿಯ ಮನೆಗೆ ಹೋದರೆ ಚಹಾ ಕೊಟ್ಟು ಹೇಳುತ್ತಾರೆ. ಹಾಗೆ ಕೇಳಿದ್ದನ್ನು ಯಾರು ಹೇಳಿದರೆಂಬ ಗುರುತಿನೊಂದಿಗೆ ಬರೆದಿಟ್ಟು, ಅಚ್ಚಿಗೆ ಕೊಡುವ ಮುನ್ನ ಎರಡೂ ಮನೆಯವರಿಗೆ ಓದಿ ಹೇಳಿ.