ಫಾಕೊಪಿಡ್ ಟ್ರೈಲೊಬೈಟನ್ನು ಕಲ್ಲಿನಿಂದ ಬಿಡಿಸುವಾಗ ಕಣ್ಣು ಕೊನೆಗೆ

ಡೆವೋನಿಯನ್ ಯುಗದ ಕೊನೆಗೆ, ಸುಮಾರು 35.9 ಕೋಟಿ ವರ್ಷಗಳ ಹಿಂದೆ, ಅಳಿದುಹೋದ ಫಾಕೊಪಿಡೇ ಕುಟುಂಬದ ಟ್ರೈಲೊಬೈಟ್ (ಚಿಪ್ಪಿನ ಮೈಯ ಸಮುದ್ರಜೀವಿ) ಪಳೆಯುಳಿಕೆಯಲ್ಲಿ ನಾನು ಕಣ್ಣಿಗೆ ಕೈಹಾಕುವುದು ಎಲ್ಲ ಮುಗಿದ ಮೇಲೆ. ಇವುಗಳ ಮಸೂರಗಳು ಬಿಡಿಬಿಡಿಯಾಗಿ, ಬರಿಗಣ್ಣಿಗೇ ಕಾಣುವಷ್ಟು ದೊಡ್ಡವು. ಜಾತಿ ಗುರುತಿಸಲು ಅವುಗಳ ಲಂಬ ಸಾಲುಗಳನ್ನೇ ಎಣಿಸಬೇಕು. ಉತ್ತರ ಅಮೆರಿಕದ ಫಾಕೊಪಿಡ್ ಕುಲ ಎಲ್ಡ್ರೆಜಿಯಾಪ್ಸ್‌ನಲ್ಲಿ 18 ಸಾಲೋ 17 ಸಾಲೋ ಎಂಬುದರ ಮೇಲೆಯೇ ಪಳೆಯುಳಿಕೆ ತಜ್ಞ ನೈಲ್ಸ್ ಎಲ್ಡ್ರೆಜ್ 1972ರಲ್ಲಿ ವಿಕಾಸದ ದೊಡ್ಡ ವಾದ ಕಟ್ಟಿದರು. ಅಂಚಿನ ಸಾಲುಗಳಲ್ಲಿ ಮಸೂರಗಳು ಕಡಿಮೆ. ಸವೆದರೆ ಮೊದಲು ಮಾಯವಾಗುವುದೂ ಅವೇ.

ಬಿರುಕುಗಳಿಗೆ ಮೊದಲು ಪ್ಯಾರಾಲಾಯ್ಡ್ ಬಿ-72 ಎಂಬ ಅಂಟು ರಾಳ ಕುಡಿಸುತ್ತೇನೆ: 100 ಮಿ.ಲೀ. ಅಸಿಟೋನ್‌ಗೆ 5 ಗ್ರಾಂ. ಗಾಳಿಯೊತ್ತಡದಿಂದ ಕಂಪಿಸುವ ಸೂಜಿಯ ಏರ್ ಪೆನ್ನಿನಿಂದ ಕಲ್ಲನ್ನು ಕೆತ್ತುತ್ತ ಚಿಪ್ಪಿನಿಂದ ಒಂದು ಮಿ.ಮೀ. ದೂರಕ್ಕೆ ನಿಲ್ಲಿಸಬೇಕು. ಅಲ್ಲಿಂದ ಮುಂದೆ ಪುಡಿ ಊದುವ ಯಂತ್ರ.

ಚಿಪ್ಪು ಕ್ಯಾಲ್ಸೈಟ್ ಖನಿಜ, ಮೋಸ್ ಮಾಪಕದಲ್ಲಿ ಗಡಸುತನ 3. ಡಾಲಮೈಟ್ ಪುಡಿ 3.5ರಿಂದ 4, ಅಂದರೆ ಚಿಪ್ಪಿಗಿಂತ ಗಟ್ಟಿ. ಹಾಗಾಗಿ 20–30 ಪಿಎಸ್‌ಐ ಒತ್ತಡದಲ್ಲಿ, ನಾಝಲ್ ಓರೆಯಾಗಿ ಹಿಡಿದು ಆಡಿಸುತ್ತಲೇ ಇರಬೇಕು. ಒಂದೇ ಕಡೆ ನಿಂತಿತೋ, ತಲೆಯ ಗುಳ್ಳೆಗಳು ನುಣ್ಣಗಾಗಿ ಹೋಗುತ್ತವೆ. ಕಣ್ಣಿಗೆ ಮಾತ್ರ ಅಡುಗೆ ಸೋಡಾ: ಗಡಸುತನ 2.5, ಕೆಲಸ ನಿಧಾನ, ಆದರೆ ಮಸೂರ ಉಳಿಯುತ್ತದೆ. ಕಂಪ್ರೆಸರ್‌ನ ಗಾಳಿಯಲ್ಲಿ ತೇವವಿದ್ದರೆ ಪುಡಿ ಗಂಟುಕಟ್ಟಿ ನಾಝಲ್ ಕಟ್ಟಿಕೊಳ್ಳುತ್ತದೆ. ತೇವ ಹೀರುವ ಫಿಲ್ಟರ್ ಇಲ್ಲದೆ ಶುರುಮಾಡಬೇಡಿ. ವಿನೆಗರ್ ಹತ್ತಿರವೂ ಬೇಡ, ಕಲ್ಲಿಗಿಂತ ಮೊದಲು ಚಿಪ್ಪೇ ಕರಗೀತು.

ಮುದುಡಿಕೊಂಡ ಮಾದರಿಯಲ್ಲಿ ಬಾಲದ ಅಂಚು ತಲೆಯ ಕೆಳಗೆ ಸೇರಿಕೊಂಡಿರುತ್ತದೆ. ಆ ಸಂದಿನ ಮಣ್ಣನ್ನು ನಾನು ಮುಟ್ಟುವುದಿಲ್ಲ, ಅಂಚು ಒಡೆಯುವುದು ಅಲ್ಲೇ.

ತಲೆ ಕಳಚಿ, ಬೋರಲಾಗಿ ಮಗುಚಿ ಬಿದ್ದಿದ್ದರೆ ಮುರಿದದ್ದೆಂದು ತಿರುಗಿಸಿ ಅಂಟಿಸುವವರಿದ್ದಾರೆ. ದಯವಿಟ್ಟು ಬೇಡ. ಫಾಕೊಪಿಡ್‌ಗಳ ಮುಖದ ಹೊಲಿಗೆಗಳು (ತಲೆಚಿಪ್ಪಿನ ಭಾಗಗಳು ಕೂಡುವ ಗೆರೆಗಳು) ಬೆಸೆದುಕೊಂಡಿದ್ದರಿಂದ ಪೊರೆ ಬಿಡುವಾಗ ಇಡೀ ತಲೆಯೇ ಕಳಚುತ್ತಿತ್ತು. ನಿಮ್ಮ ಕೈಯಲ್ಲಿರುವುದು ಬಹುಶಃ ಪೊರೆ, ಅದರ ಭಂಗಿಯೇ ಸಾಕ್ಷ್ಯ.

ಎಣಿಸುವ ಮುನ್ನ ಅಮೋನಿಯಂ ಕ್ಲೋರೈಡನ್ನು ಕಾಯಿಸಿ ಅದರ ಬಿಳಿ ಹೊಗೆ ಹಿಡಿಸಿದರೆ ಮಸೂರಗಳು ಎದ್ದು ಕಾಣುತ್ತವೆ. ಈ ಕೆಲಸ ಹೊಗೆ ಹೀರುವ ಕಪಾಟಿನೊಳಗೇ ಆಗಬೇಕು. ಮುಂದಿನಿಂದ ಹಿಂದಕ್ಕೆ, ಎರಡೂ ಕಣ್ಣುಗಳನ್ನು ಬೇರೆಬೇರೆಯಾಗಿ ಎಣಿಸಿ. ಫೋಟೊ ಆದ ದಿನವೇ ಲೇಪವನ್ನು ತೊಳೆಯಿರಿ. ತೇವ ಹೀರಿದರೆ ಅದು ಆಮ್ಲೀಯವಾಗಿ ಚಿಪ್ಪನ್ನು ತಿನ್ನುತ್ತದೆ.