ಶಿರಸಿಲಿ ಕೂತು ಹೆಲ್ಪ್ ಪೇಜ್ ಕಟ್ಟಿದ್ದು, ಮತ್ತೆ ಆ ಹಾವಿನಂಥ ಲಿಂಕು

ನಮ್ದು ಶಿರಸಿಲಿ ಮೂರೂವರೆ ಜನರ ಸಾಫ್ಟ್‌ವೇರ್ ಅಂಗಡಿ, ಅರ್ಧ ಅಂದ್ರೆ ಮಧ್ಯಾಹ್ನದ ಮೇಲೆ ಬರೋ ಅಕೌಂಟ್ಸ್‌ನವ್ರು. ಅಡಿಕೆ ವಖಾರಿಗಳಿಗೆ ಬಿಲ್ಲಿಂಗ್ ಮಾಡ್ಕೊಡ್ತೀವಿ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಅಂತ ಒಂದೊಂದಕ್ಕೂ ಒಂದೊಂದು ರೇಟು, ಹಂಗಾಗಿ ದಿನಾ ಫೋನಲ್ಲಿ ಅದೇ ಪ್ರಶ್ನೆ, ತೂಕ ತಪ್ಪಾದ್ರೆ ಎಂತ ಮಾಡೋದು, ರೇಟು ತಪ್ಪಾದ್ರೆ ಎಂತ ಮಾಡೋದು. ಉತ್ತರ ಎಲ್ಲ ನಮ್ಮ ಸೈಟಲ್ಲೇ ಇತ್ತು ಮಾರಾಯ್ರೆ, ಆದ್ರೆ ಅದು ನಾನು ಕೈಯಾರೆ ಬರೆದ ಎಚ್‌ಟಿಎಂಎಲ್, ಒಂದಕ್ಷರ ತಿದ್ದೋಕೂ ನಾನೇ ಫೈಲನ್ನ ಸರ್ವರಿಗೆ ಎಫ್‌ಟಿಪಿಲಿ ಹಾಕ್ಬೇಕು, ನಾನು ಹುಬ್ಬಳ್ಳಿ ಬಸ್ಸಲ್ಲಿ ಕೂತಿದ್ರೆ ತಿದ್ದುಪಡಿನೂ ಬಸ್ಸಲ್ಲೇ.

ಹಂಗಾಗಿ ಸೈಟ್ ಕಟ್ಟೋ ರೆಡಿ ಸಾಫ್ಟ್‌ವೇರ್ ಹುಡುಕಿದೆ. ಡ್ರೂಪಲ್ ನೋಡಿದೆ, ನಮಗೆ ದೊಡ್ಡದಾಯ್ತು. ಹ್ಯೂಗೋ ನಂಗೆ ಇಷ್ಟ, ಆದ್ರೆ ಫೋನ್ ಎತ್ತೋ ಹುಡುಗಿಗೆ ಗಿಟ್ (ಫೈಲಿನ ಬದಲಾವಣೆ ಲೆಕ್ಕ ಇಡೋ ಟೂಲು) ಕಲಿಸೋ ತಾಳ್ಮೆ ನಂಗಿಲ್ಲ, ಅವಳಿಗೂ ಬೇಡ. ಸರಿ, ವರ್ಡ್‌ಪ್ರೆಸ್. ಇನ್‌ಸ್ಟಾಲ್ ಒಂದು ಸಂಜೆ ಕೆಲಸ, ಮಧ್ಯ ಒಂದ್ಸಲ ಕರೆಂಟ್ ಹೋಗಿದ್ದೂ ಸೇರಿ.

ಮೊದಲ ತಾಪತ್ರಯ ಹಳೇ ಮ್ಯಾನ್ಯುವಲ್ಲು. ಅದು ಯುನಿಕೋಡ್ (ಈಗ ಎಲ್ಲ ಕಡೆ ನಡೆಯೋ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ ಫಾಂಟಲ್ಲಿ ಇತ್ತು. ಆ ಫಾಂಟಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣೋ ಹಾಗೇ ಅಕ್ಷರದ ಆಮೇಲೆ ಕೂರತ್ತೆ, ಯುನಿಕೋಡಲ್ಲಿ ರ ಮೊದಲು ಬರ್ಬೇಕು. ನಾನೇ ಬರೆದ ಕನ್ವರ್ಟರ್ ಸ್ಕ್ರಿಪ್ಟ್ ಇದನ್ನ ಮರೆತಿತ್ತು, ಅಂದ್ರೆ ನಾನು ಮರೆತಿದ್ದೆ. ಅರ್ಕಾವೊತ್ತಿನ ಪದ ಎಲ್ಲ ಕೆಟ್ಟು ಕೂತಿತ್ತು, ಲೆಕ್ಕಪತ್ರದ ಪುಸ್ತಕದಲ್ಲಿ ಖರ್ಚು ಅನ್ನೋ ಪದ ಎಷ್ಟು ಸಲ ಬರತ್ತೆ ಅಂತ ಅವತ್ತು ಗೊತ್ತಾಯ್ತು.

ಆಮೇಲೆ ಲಿಂಕು. ಹುಡುಗಿ ಚೆಂದ ಕನ್ನಡದಲ್ಲಿ ಟೈಟಲ್ ಕೊಟ್ಟು, ಪೇಜು ಪಬ್ಲಿಷ್ ಆದ್ಮೇಲೆ ಲಿಂಕನ್ನ ವಾಟ್ಸಾಪಲ್ಲಿ ಕಳಿಸಿದ್ಲು, ಹೋಗಿದ್ದು ಪರ್ಸೆಂಟ್ ಗುರ್ತು, ಇ, ಸೊನ್ನೆ, ಬಿ, ಎರಡು ಅಂತ ಮಾರುದ್ದದ ಹಾವು, ವಖಾರಿಯವ್ರು ಇದೆಂತ ವೈರಸ್ಸಾ ಅಂತ ಕೇಳಿದ್ರು, ಯಾರೂ ಒತ್ತಲಿಲ್ಲ. ವಿಷಯ ಇಷ್ಟು: ಒಂದು ಕನ್ನಡ ಅಕ್ಷರಕ್ಕೆ ಯುಟಿಎಫ್-8ರಲ್ಲಿ (ಯುನಿಕೋಡ್ ಅಕ್ಷರ ಕಂಪ್ಯೂಟರಲ್ಲಿ ಉಳಿಸೋ ಕ್ರಮ) 3 ಬೈಟು, ಒಂದೊಂದು ಬೈಟು ಲಿಂಕಲ್ಲಿ ಪರ್ಸೆಂಟ್ ಗುರ್ತು ಸೇರಿ 3 ಚಿಹ್ನೆ, ಒಟ್ಟು 9 ಆಗತ್ತೆ, ಕೊಂಬು ದೀರ್ಘ ಒತ್ತು ಎಲ್ಲದಕ್ಕೂ ಪ್ರತ್ಯೇಕ ಲೆಕ್ಕ. ವರ್ಡ್‌ಪ್ರೆಸ್ ಸ್ಲಗ್‌ಗೆ, ಅಂದ್ರೆ ಲಿಂಕಿನ ಕೊನೆಲಿ ಬರೋ ಪೇಜಿನ ಹೆಸರಿಗೆ, ಇರೋ ಜಾಗ 200 ಚಿಹ್ನೆ, ಸುಮಾರು 22 ಅಕ್ಷರಕ್ಕೆ ಕಟ್. 'ಅಡಿಕೆ ಖರೀದಿ ಬಿಲ್ಲಿನಲ್ಲಿ ತೂಕ ತಪ್ಪಾದರೆ' ಅಂತ ಬರೆದ್ರೆ 'ಬಿಲ್ಲಿನಲ್ಲಿ'ಗೇ ಮುಗೀತು. 'ಅಡಿಕೆ ಖರೀದಿ ಬಿಲ್ಲಿನಲ್ಲಿ ರೇಟು ತಪ್ಪಾದರೆ' ಅನ್ನೋದಕ್ಕೂ ಅದೇ ಲಿಂಕು, ಬಾಲಕ್ಕೊಂದು 2 ಅಷ್ಟೇ. ಈಗ ಸ್ಲಗ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಕೈಯಲ್ಲೇ ಹಾಕ್ತೀವಿ, tooka-tappu, retu-tappu ಅಂತ, ಗಿರಾಕಿ ಫೋನಲ್ಲಿ ಕೇಳೋ ಮಾತಲ್ಲೇ. ಪೇಜು ಪೂರ್ತಿ ಕನ್ನಡ.

ರೋಲ್, ಅಂದ್ರೆ ಸೈಟಲ್ಲಿ ಯಾರು ಎಂತ ಮಾಡ್ಬಹುದು ಅನ್ನೋ ಅನುಮತಿ, ಅದ್ರ ವಿಷಯದಲ್ಲೂ ಎಡವಿದೆ. ಹುಷಾರಿರ್ಲಿ ಅಂತ ಅವಳಿಗೆ ಕಾಂಟ್ರಿಬ್ಯೂಟರ್ ಕೊಟ್ಟಿದ್ದೆ, ಅದ್ರಲ್ಲಿ ಫೋಟೋ ಅಪ್‌ಲೋಡ್ ಆಗಲ್ಲ, ಪಬ್ಲಿಷೂ ಆಗಲ್ಲ, ಸ್ಕ್ರೀನ್‌ಶಾಟ್ ಇಲ್ಲದ ಹೆಲ್ಪ್ ಪೇಜು ಎಂತಕ್ಕೆ? ಎಲ್ಲ ಮತ್ತೆ ನನ್ ಹತ್ರನೇ ಬಂದು ನಿಲ್ತಿತ್ತು, ಎಫ್‌ಟಿಪಿ ಕಾಲಕ್ಕೇ ವಾಪಸ್ ಹೋದ ಹಾಗೆ. ಆಥರ್ ಮಾಡ್ದೆ, ಅದ್ರಲ್ಲಿ ಎರಡೂ ಆಗತ್ತೆ. ಕಾಗುಣಿತ ತಪ್ಪಿದ್ರೆ ಗಿರಾಕಿಗಳೇ ಹೇಳ್ತಾರೆ, ಇಲ್ಲಿ ಎಲ್ರೂ ಮೇಷ್ಟ್ರೇ.

ಮೊನ್ನೆ ಒಂದು ವಖಾರಿಗೆ ಹೋಗಿದ್ದೆ, ನಮ್ಮ ತೂಕ-ತಪ್ಪು ಪೇಜನ್ನ ಪ್ರಿಂಟ್ ತೆಗೆದು ಕಾಟಾ ಪಕ್ಕ ಗೋಡೆಗೆ ಅಂಟಿಸಿದಾರೆ, ಹಳೇ ವರ್ಷನ್ ಸ್ಕ್ರೀನ್‌ಶಾಟು. ಹೊಸದು ಹಾಕೋಕೆ ಸೋಮವಾರ ನಾನೇ ಹೋಗ್ಬೇಕು.