ಜರ್ಮನಿಯಲ್ಲಿ ರಿಸರ್ಚ್ ಮಾಡುವವರು ಪಿಆರ್ ಪಡೆಯುವುದು ಹೇಗೆ

ಪಿಎಚ್‌ಡಿಗೋ, ಅದು ಮುಗಿದ ಮೇಲಿನ ಸಂಶೋಧನೆ ಕೆಲಸವಾದ ಪೋಸ್ಟ್‌ಡಾಕ್‌ಗೋ ಜರ್ಮನಿಗೆ ಬರುವ ನಮ್ಮವರಲ್ಲಿ ಬಹಳ ಜನ ಪಿಆರ್, ಅಂದರೆ ಕಾಯಂ ಆಗಿ ಇಲ್ಲಿ ಇರುವ ಅನುಮತಿಯ ಬಗ್ಗೆ ಯೋಚನೆ ಶುರು ಮಾಡುವುದೇ ಕಾಂಟ್ರಾಕ್ಟ್ ಮುಗಿಯುವ ಹೊತ್ತಿಗೆ. ಆಗ ಕಷ್ಟ. ಇಲ್ಲಿ ಲೆಕ್ಕ ಮೊದಲ ದಿನದಿಂದಲೇ ಓಡುತ್ತಿರುತ್ತದೆ: ಯಾವ ಪರ್ಮಿಟ್‌ನಲ್ಲಿ ಎಷ್ಟು ತಿಂಗಳು ಇದ್ದಿರಿ, ಪೆನ್ಷನ್ ಖಾತೆಗೆ ಎಷ್ಟು ತಿಂಗಳು ದುಡ್ಡು ಹೋಯಿತು, ಜರ್ಮನ್ ಎಷ್ಟು ಬರುತ್ತದೆ. ಎಷ್ಟು ಪೇಪರ್ ಬರೆದಿರಿ ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ.

ಮೊದಲು ಪರ್ಮಿಟ್ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಪಿಎಚ್‌ಡಿಗೆ ಬರುವವರಿಗೆ ಜರ್ಮನಿಯ ವಾಸದ ಕಾನೂನಿನ 16ಬಿ ಸೆಕ್ಷನ್‌ನ ವಿದ್ಯಾರ್ಥಿ ಪರ್ಮಿಟ್ ಸಿಗಬಹುದು, ಇಲ್ಲವೇ 18ಡಿ ಸೆಕ್ಷನ್‌ನ ಸಂಶೋಧಕರ ಪರ್ಮಿಟ್ ಸಿಗಬಹುದು. ಕಾರ್ಡು ನೋಡಲು ಒಂದೇ ಥರ. ಆದರೆ ಪಿಆರ್‌ಗೆ ಬೇಕಾದ ಮೂರು ವರ್ಷದ ಲೆಕ್ಕಕ್ಕೆ 18ಡಿ ಬರುತ್ತದೆ, 16ಬಿ ಬರುವುದಿಲ್ಲ. ಯೂನಿವರ್ಸಿಟಿಯೋ ಮ್ಯಾಕ್ಸ್ ಪ್ಲಾಂಕ್, ಹೆಲ್ಮ್‌ಹೋಲ್ಟ್ಸ್‌ನಂಥ ಸಂಸ್ಥೆಯೋ ನಿಮಗೆ ಕೆಲಸದ ಕಾಂಟ್ರಾಕ್ಟ್ ಕೊಟ್ಟಿದ್ದರೆ, ವೀಸಾ ಅರ್ಜಿ ಹಾಕುವಾಗಲೇ 18ಡಿ ಕೇಳಿ. ಪೂರ್ತಿ ಸಮಯದ ಕೋರ್ಸಿನಂತೆ ನಡೆಯುವ ಪಿಎಚ್‌ಡಿಗೆ ಇದು ಸಿಗುವುದಿಲ್ಲ, ಅದೊಂದು ನೆನಪಿರಲಿ.

18ಡಿ ದಾರಿಯಲ್ಲಿ ಪಿಆರ್‌ಗೆ ಬೇಕಾದದ್ದು ಇಷ್ಟು. ಮೂರು ವರ್ಷ ಆ ಪರ್ಮಿಟ್, 36 ತಿಂಗಳ ಪೆನ್ಷನ್ ಕಂತು, ಬಿ1 ಮಟ್ಟದ ಜರ್ಮನ್ (ಭಾಷೆಯ ಮಟ್ಟ ಎ1, ಎ2, ಬಿ1 ಎಂದು ಏರುತ್ತಾ ಹೋಗುತ್ತದೆ), ಕುಟುಂಬಕ್ಕೆ ಸಾಕಾಗುವಷ್ಟು ಮನೆ, ಅರ್ಜಿ ಹಾಕುವಾಗ ಕೈಯಲ್ಲಿ ಕೆಲಸ. 2023-24ರ ಕಾನೂನು ತಿದ್ದುಪಡಿಗೆ ಮುಂಚೆ ಇದು ನಾಲ್ಕು ವರ್ಷ ಇತ್ತು, ಹಾಗಾಗಿ ಹಳೆಯ ಸೀನಿಯರ್‌ಗಳು ಹೇಳುವ ಲೆಕ್ಕ ಈಗ ನಡೆಯುವುದಿಲ್ಲ. ಮಾಸ್ಟರ್ಸ್ ಇಲ್ಲಿಯೇ ಮಾಡಿದವರಿಗೆ ಎರಡು ವರ್ಷ, 24 ತಿಂಗಳ ಕಂತು ಸಾಕು.

ಬ್ಲೂ ಕಾರ್ಡ್, ಅಂದರೆ ಡಿಗ್ರಿ ಇದ್ದು ಒಳ್ಳೆಯ ಸಂಬಳದ ಕೆಲಸ ಇರುವವರಿಗೆ ಕೊಡುವ ಪರ್ಮಿಟ್, ಸಿಕ್ಕರೆ ಇನ್ನೂ ಬೇಗ. ಎ1 ಜರ್ಮನ್ ಇದ್ದರೆ 27 ತಿಂಗಳು, ಬಿ1 ಇದ್ದರೆ 21 ತಿಂಗಳು. ಇದಕ್ಕೆ ಸಂಬಳದ ಮಿತಿ ಇದೆ, ಪ್ರತಿ ವರ್ಷ ಬದಲಾಗುತ್ತದೆ. 2025ರಲ್ಲಿ ವರ್ಷಕ್ಕೆ 48,300 ಯೂರೋ ಇತ್ತು. ವಿಜ್ಞಾನ, ಗಣಿತ, ಎಂಜಿನಿಯರಿಂಗ್, ಐಟಿ ಕೆಲಸಗಳಿಗೆ ಮತ್ತು ಡಿಗ್ರಿ ಮುಗಿಸಿ ಮೂರು ವರ್ಷ ದಾಟದವರಿಗೆ ಮಿತಿ ಸ್ವಲ್ಪ ಕಡಿಮೆ. ಇ13 ಎಂಬ ಸರ್ಕಾರಿ ಸಂಬಳ ಶ್ರೇಣಿಯಲ್ಲಿ ಪೂರ್ತಿ ಸಂಬಳ ಪಡೆಯುವ ಪೋಸ್ಟ್‌ಡಾಕ್ ಈ ಮಿತಿಯನ್ನು ಆರಾಮಾಗಿ ದಾಟುತ್ತಾರೆ, ಅದರ 65 ಪರ್ಸೆಂಟ್ ಮಾತ್ರ ಪಡೆಯುವ ಪಿಎಚ್‌ಡಿಯವರಿಗೆ ಆಗುವುದಿಲ್ಲ. ಹಾಗಾಗಿ ಪಿಎಚ್‌ಡಿ ಮುಗಿಸಿ ಪೋಸ್ಟ್‌ಡಾಕ್ ಸೇರುವಾಗ ಸುಮ್ನೆ ಹಳೆಯ ಪರ್ಮಿಟನ್ನೇ ಮುಂದುವರಿಸಬೇಡಿ, 18ಡಿಯಲ್ಲಿ ಎಷ್ಟು ತಿಂಗಳು ಆಗಿದೆ, ಬ್ಲೂ ಕಾರ್ಡ್‌ಗೆ ಹೋದರೆ ಯಾವುದು ಮೊದಲು ಮುಗಿಯುತ್ತದೆ ಎಂದು ಕೂತು ಲೆಕ್ಕ ಹಾಕಿ.

ಗ್ರೂಪ್ ಲೀಡರ್, ಪ್ರೊಫೆಸರ್ ಮಟ್ಟದವರಿಗೆ 18ಸಿ ಸೆಕ್ಷನ್‌ನ ಮೂರನೇ ಉಪವಿಭಾಗದಲ್ಲಿ ನೇರವಾಗಿ ಪಿಆರ್ ಕೊಡುವ ಅವಕಾಶ ಇದೆ. ಅಂಥ ಹುದ್ದೆ ಸಿಕ್ಕಿದ್ದರೆ ವಿದೇಶದಿಂದ ಬಂದ ಸಂಶೋಧಕರಿಗೆ ನೆರವಾಗುವ ಯೂನಿವರ್ಸಿಟಿಯ ವೆಲ್‌ಕಮ್ ಸೆಂಟರ್‌ನವರನ್ನು ಕೇಳಿ.

ಈಗ ಪೆನ್ಷನ್. ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಕಾಂಟ್ರಾಕ್ಟ್ ಇದ್ದರೆ ಸಂಬಳದಲ್ಲೇ ಕಂತು ಕಡಿತವಾಗುತ್ತದೆ. ಸ್ಟೈಪೆಂಡ್‌ನಲ್ಲಿ, ಅಂದರೆ ಡಿಎಎಡಿ, ಹುಂಬೋಲ್ಟ್‌ನಂಥ ಜರ್ಮನ್ ಸಂಸ್ಥೆಗಳು ಕೊಡುವ ಫೆಲೋಶಿಪ್ ಥರದ್ದರಲ್ಲಿ, ಒಂದು ಪೈಸೆಯೂ ಹೋಗುವುದಿಲ್ಲ. ಎರಡು ವರ್ಷ ಒಳ್ಳೆಯ ಫೆಲೋಶಿಪ್‌ನಲ್ಲಿ ಇದ್ದು ಆಮೇಲೆ ನೋಡಿದರೆ ಪೆನ್ಷನ್ ತಿಂಗಳು ಸೊನ್ನೆ ಎಂದಾದರೆ ಹೊಟ್ಟೆ ಉರಿಯುತ್ತದೆ ಅಲ್ವಾ? ಆದರೆ ಇದಕ್ಕೆ ದಾರಿ ಇದೆ. 18ಡಿಯ ಮೂರು ವರ್ಷದ ದಾರಿಯಲ್ಲಿ ನೀವಾಗಿಯೇ ಕಟ್ಟಿದ ಕಂತನ್ನೂ ಕಾನೂನು ಒಪ್ಪುತ್ತದೆ. ಇಲ್ಲಿನ ಸರ್ಕಾರಿ ಪೆನ್ಷನ್ ಸಂಸ್ಥೆ ಡಾಯ್ಚ ರೆಂಟನ್‌ಫರ್‌ಸಿಷರುಂಗ್‌ಗೆ ಅರ್ಜಿ ಹಾಕಿ ತಿಂಗಳಿಗೆ ನೂರು ಯೂರೋಗಿಂತ ಸ್ವಲ್ಪ ಜಾಸ್ತಿ ಕಟ್ಟಿದರೆ ಆ ತಿಂಗಳು ಲೆಕ್ಕಕ್ಕೆ ಸೇರುತ್ತದೆ. ಒಂದು ವರ್ಷದ ಬಾಕಿಯನ್ನು ಮುಂದಿನ ವರ್ಷದ ಮಾರ್ಚ್ 31ರವರೆಗೆ ಕಟ್ಟಬಹುದು. ಅದಕ್ಕಿಂತ ಹಿಂದಿನದನ್ನು ಕಟ್ಟಲು ಬಿಡುವುದಿಲ್ಲ. ನಿಮ್ಮ ಖಾತೆಯಲ್ಲಿ ಎಷ್ಟು ತಿಂಗಳು ದಾಖಲಾಗಿದೆ ಎಂಬ ಪಟ್ಟಿಯನ್ನೂ ಅವರೇ ಉಚಿತವಾಗಿ ಕಳಿಸುತ್ತಾರೆ, ವರ್ಷಕ್ಕೊಮ್ಮೆ ತರಿಸಿ ನೋಡಿ.

ಭಾಷೆ. ಲ್ಯಾಬ್‌ನಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುವುದರಿಂದ ಜರ್ಮನ್ ಹಿಂದೆ ಬೀಳುತ್ತದೆ. ಸಾಧ್ಯವಾದರೆ ಹೊರಡುವ ಮುಂಚೆಯೇ ಬೆಂಗಳೂರಿನ ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎ1, ಎ2 ಮುಗಿಸಿ ಬನ್ನಿ. ಇಲ್ಲಿ ಬಂದ ಮೇಲೆ ಊರೂರಲ್ಲಿ ಇರುವ ವಯಸ್ಕರ ಶಿಕ್ಷಣ ಕೇಂದ್ರವಾದ ಫೋಕ್ಸ್‌ಹೋಖ್‌ಶೂಲೆಯಲ್ಲಿ ಕಡಿಮೆ ಫೀಸಿಗೆ ಸಂಜೆ ಕ್ಲಾಸ್ ಸಿಗುತ್ತದೆ. ದೇಶದ ಕಾನೂನು, ಸಮಾಜದ ಬಗ್ಗೆ 33 ಪ್ರಶ್ನೆಯ ಒಂದು ಪರೀಕ್ಷೆಯೂ ಇದೆ. 15 ಸರಿ ಇದ್ದರೆ ಪಿಆರ್‌ಗೆ ಸಾಕು, 17 ಬಂದರೆ ಮುಂದೆ ಪೌರತ್ವಕ್ಕೂ ಆಗುತ್ತದೆ. ಪ್ರಶ್ನೆಗಳೆಲ್ಲ ಮೊದಲೇ ಪ್ರಕಟವಾಗಿರುವುದರಿಂದ ಭಯ ಬೇಡ.

ಅರ್ಜಿ ಯಾವಾಗ ಹಾಕಬೇಕು? ಕಾಂಟ್ರಾಕ್ಟ್ ಹೊಸದಾಗಿ ನವೀಕರಣವಾದ ಕೂಡಲೇ. ಇಲ್ಲಿ ಸಂಶೋಧಕರ ಕೆಲಸ ಹೆಚ್ಚಾಗಿ ತಾತ್ಕಾಲಿಕ, ಪಿಎಚ್‌ಡಿಗೆ ಮುಂಚೆ ಆರು ವರ್ಷ, ನಂತರ ಆರು ವರ್ಷ ಎಂಬ ಮಿತಿಯೇ ಇದೆ. ಕಾಂಟ್ರಾಕ್ಟ್‌ನಲ್ಲಿ ಎರಡು ತಿಂಗಳು ಉಳಿದಿರುವಾಗ ಹೋದರೆ ಮುಂದೆ ಜೀವನಕ್ಕೆ ಏನು ಮಾಡುತ್ತೀರಿ ಎಂದು ಪರ್ಮಿಟ್ ಕೊಡುವ ವಿದೇಶಿಯರ ಕಚೇರಿಯವರು ಕೇಳುವುದು ಸಹಜ. ಎರಡು ವರ್ಷ ಉಳಿದಿದ್ದರೆ ಆ ಮಾತೇ ಬರುವುದಿಲ್ಲ. ಅಪಾಯಿಂಟ್‌ಮೆಂಟ್ ಸಿಗಲು ಕೆಲವು ಊರಲ್ಲಿ ತಿಂಗಳುಗಟ್ಟಲೆ ಆಗುತ್ತದೆ. ಹಾಗಾಗಿ ಈಗಿರುವ ಪರ್ಮಿಟ್ ಮುಗಿಯುವ ಮುಂಚೆಯೇ ಬರವಣಿಗೆಯಲ್ಲಿ ಅರ್ಜಿ ಸೇರಿರಲಿ. ಫೀಸು ಸಾಮಾನ್ಯವಾಗಿ 113 ಯೂರೋ.

ಪಿಆರ್ ಬಂದರೂ ನಿಮ್ಮ ಭಾರತದ ಪಾಸ್‌ಪೋರ್ಟ್ ಹಾಗೇ ಇರುತ್ತದೆ. ನಮ್ಮ ದೇಶ ಎರಡು ಪೌರತ್ವ ಒಪ್ಪದ ಕಾರಣ ಬಹಳ ಜನ ಇಲ್ಲಿಗೇ ನಿಲ್ಲುತ್ತಾರೆ, ಅದು ಒಳ್ಳೆಯ ನಿರ್ಧಾರವೇ. ಆದರೆ ಆರು ತಿಂಗಳಿಗಿಂತ ಜಾಸ್ತಿ ಜರ್ಮನಿಯ ಹೊರಗೆ ಇದ್ದರೆ ಪಿಆರ್ ರದ್ದಾಗುತ್ತದೆ. ಫೀಲ್ಡ್‌ವರ್ಕ್‌ಗೋ, ಅಮೆರಿಕದಲ್ಲಿ ಒಂದು ವರ್ಷದ ಫೆಲೋಶಿಪ್‌ಗೋ, ಊರಲ್ಲಿ ಅಪ್ಪ ಅಮ್ಮನನ್ನು ನೋಡಿಕೊಳ್ಳಲೋ ಹೊರಡುವುದಾದರೆ, ವಿದೇಶಿಯರ ಕಚೇರಿಯಿಂದ ಹೆಚ್ಚಿನ ಅವಧಿಯ ಅನುಮತಿಯನ್ನು ಕಾಗದದಲ್ಲಿ ಪಡೆದ ಮೇಲೆಯೇ ಹೊರಡಿ.